ಕೊಟ್ಟ ಲ್ಯಾಪ್ ವಾಪಸ್ ಬರಲ್ಲ: ಕ್ವಾಲಿಫೈಯಿಂಗ್‌ನಲ್ಲಿ ಟೀಮ್ ಆರ್ಡರ್ ಇರಬೇಕಾ?

ಹಂಗೇರಿಯ ಹಂಗರೋರಿಂಗ್ ಟ್ರ್ಯಾಕ್, ಫಾರ್ಮುಲಾ ಒನ್ ಕಾರ್ ರೇಸ್. 2007ರ ಆಗಸ್ಟ್ 4, ಶನಿವಾರ. ಕ್ವಾಲಿಫೈಯಿಂಗ್ ಅಂದರೆ ಟ್ರ್ಯಾಕನ್ನು ಒಂದು ಸಲ ಸುತ್ತುವ (ಲ್ಯಾಪ್) ಸಮಯ ನೋಡಿ, ಮರುದಿನದ ರೇಸ್‌ನಲ್ಲಿ ಯಾರು ಯಾವ ಜಾಗದಿಂದ ಹೊರಡಬೇಕು ಅಂತ ತೀರ್ಮಾನಿಸುವ ಓಟ. ಅದು ಮುಗಿಯಲು ಎರಡು ನಿಮಿಷವೂ ಉಳಿದಿರಲಿಲ್ಲ. ಮೆಕ್ಲಾರೆನ್ ತಂಡದ ಪಿಟ್‌ನಲ್ಲಿ, ಅಂದರೆ ಟೈರ್ ಬದಲಿಸುವ ಜಾಗದಲ್ಲಿ, ಫರ್ನಾಂಡೊ ಅಲೊನ್ಸೊ ಅವರ ಕಾರು ನಿಂತಿತ್ತು. ಹೊಸ ಟೈರ್ ಹಾಕಿ ಆಗಿತ್ತು. ಕಾರಿನ ಮೂತಿಗೆ ಅಡ್ಡ ಹಿಡಿದಿದ್ದ ಲಾಲಿಪಾಪ್ ಬೋರ್ಡು ಮೇಲಕ್ಕೆದ್ದಿತು. ಇನ್ನು ಹೊರಡಬಹುದು ಅಂತ ಅದರ ಅರ್ಥ. ಕಾರು ಕದಲಲಿಲ್ಲ. ಬೆನ್ನಿಗೇ ಅದೇ ತಂಡದ ಲೂಯಿಸ್ ಹ್ಯಾಮಿಲ್ಟನ್ ತಮ್ಮ ಸರದಿಗೆ ಕಾಯುತ್ತಿದ್ದರು. ಹೀಗೇ ಹತ್ತು ಸೆಕೆಂಡು ಕಳೆಯಿತು.

ಆಮೇಲೆ ಅಲೊನ್ಸೊ ಹೊರಟರು. ಗೆರೆ ದಾಟುವಷ್ಟು ಸಮಯ ಅವರಿಗೆ ಉಳಿದಿತ್ತು, ದಾಟಿದರು, ಪೋಲ್ ಹೊಡೆದರು. ಪೋಲ್ ಅಂದರೆ ರೇಸ್ ಹೊರಡುವ ಸಾಲಿನ, ಅಂದರೆ ಗ್ರಿಡ್‌ನ, ಮೊದಲ ಜಾಗ. ಹ್ಯಾಮಿಲ್ಟನ್ ಟೈರ್ ಹಾಕಿಸಿಕೊಂಡು ಬರುವಷ್ಟರಲ್ಲಿ ಸಮಯ ಮುಗಿದು ಬಾವುಟ ಬಿದ್ದಿತ್ತು. ಅವರಿಗೆ ಕೊನೆಯ ಲ್ಯಾಪ್ ಸಿಗಲೇ ಇಲ್ಲ.

ಇಷ್ಟು ಕೇಳಿದರೆ ಅಲೊನ್ಸೊ ಖಳನಾಯಕ ಅಂತ ಯಾರಿಗಾದರೂ ಅನಿಸುತ್ತದೆ. ಆದರೆ ಕಥೆ ಶುರುವಾಗಿದ್ದು ಹತ್ತು ನಿಮಿಷ ಮೊದಲು.

ಆ ಕಾಲದ ನಿಯಮವೇ ವಿಚಿತ್ರವಾಗಿತ್ತು. ಕ್ವಾಲಿಫೈಯಿಂಗ್‌ಗೆ ಮೂರು ಸುತ್ತು, ಅಂದರೆ ಮೂರು ಹಂತ. ಕೊನೆಯ ಸುತ್ತಿನಲ್ಲಿ ಕಾರುಗಳು ಮರುದಿನದ ರೇಸ್ ಶುರು ಮಾಡಲು ಬೇಕಾದ ಇಂಧನ ತುಂಬಿಕೊಂಡೇ ಓಡಬೇಕಿತ್ತು. ಓಡಿದ ಪ್ರತಿ ಲ್ಯಾಪಿಗೂ ಇಷ್ಟು ಅಂತ ಲೆಕ್ಕ ಹಾಕಿ ಇಂಧನ ವಾಪಸ್ ತುಂಬಿಸಿಕೊಳ್ಳಲು ಅವಕಾಶ ಇತ್ತು. ಹಾಗಾಗಿ ಜಾಸ್ತಿ ಲ್ಯಾಪ್ ಸುತ್ತಿದವರಿಗೆ ಲಾಭ. ನಿಜವಾದ ಲ್ಯಾಪ್ ಹೊಡೆಯುವ ಹೊತ್ತಿಗೆ ಕಾರು ಹಗುರ, ಸುಟ್ಟ ಇಂಧನ ಆಮೇಲೆ ವಾಪಸ್. ಮೊದಲು ಹೊರಟವರಿಗೆ ಒಂದು ಲ್ಯಾಪ್ ಹೆಚ್ಚಿಗೆ ಸಿಗುತ್ತಿತ್ತು. ಮೆಕ್ಲಾರೆನ್‌ನಲ್ಲಿ ಈ ಹೆಚ್ಚುವರಿ ಲ್ಯಾಪ್ ಒಂದು ವಾರ ಇವರಿಗೆ, ಇನ್ನೊಂದು ವಾರ ಅವರಿಗೆ. ಆ ವಾರ ಅಲೊನ್ಸೊ ಸರದಿ. ಪಿಟ್‌ನಿಂದ ಹ್ಯಾಮಿಲ್ಟನ್ ಮುಂದೆ ಬಂದಿದ್ದರು. ಅಲೊನ್ಸೊಗೆ ದಾರಿ ಬಿಡಿ ಅಂತ ತಂಡ ರೇಡಿಯೊದಲ್ಲಿ ಹೇಳಿತು. ಹ್ಯಾಮಿಲ್ಟನ್ ಬಿಡಲಿಲ್ಲ.

ಅಂದರೆ ಮೊದಲು ಒಂದು ಟೀಮ್ ಆರ್ಡರ್ ಇತ್ತು, ಜೊತೆಗಾರನಿಗೋಸ್ಕರ ಹೀಗೆ ಮಾಡು ಅಂತ ತಂಡ ಚಾಲಕನಿಗೆ ಕೊಡುವ ಆದೇಶ. ಅದನ್ನು ಒಬ್ಬರು ಮುರಿದರು. ಅದರ ಸೇಡನ್ನು ಇನ್ನೊಬ್ಬರು ಪಿಟ್‌ನಲ್ಲಿ ತೀರಿಸಿಕೊಂಡರು. ರೇಸ್‌ನ ತೀರ್ಪುಗಾರರಾದ ಸ್ಟೀವರ್ಡ್‌ಗಳು ಅಲೊನ್ಸೊ ಅವರನ್ನು ಗ್ರಿಡ್‌ನಲ್ಲಿ ಐದು ಸ್ಥಾನ ಹಿಂದೆ ತಳ್ಳಿದರು. ಆ ರೇಸ್‌ನಲ್ಲಿ ಮೆಕ್ಲಾರೆನ್‌ಗೆ ತಂಡಗಳ ಪಟ್ಟಿಯ ಅಂಕ ಸಿಗುವುದಿಲ್ಲ ಅಂತಲೂ ಹೇಳಿದರು. ಯಾಕೆಂದರೆ ಅಲೊನ್ಸೊ ಸುಮ್ನೆ ನಿಂತ ಆ ಹತ್ತು ಸೆಕೆಂಡಿಗೂ ಮೊದಲು ತಂಡವೇ ಅವರನ್ನು ಸುಮಾರು 20 ಸೆಕೆಂಡು ಹಿಡಿದಿಟ್ಟಿತ್ತು. ಟ್ರ್ಯಾಕ್ ಖಾಲಿಯಾಗಲಿ ಅಂತ ಕಾದೆವು ಎಂಬ ವಿವರಣೆ ಸ್ಟೀವರ್ಡ್‌ಗಳಿಗೆ ಒಪ್ಪಿಗೆ ಆಗಲಿಲ್ಲ.

ಗಮನಿಸಿ, ಇದು 2007. ಟೀಮ್ ಆರ್ಡರ್‌ಗೆ ಫಾರ್ಮುಲಾ ಒನ್‌ನಲ್ಲಿ ನಿಷೇಧ ಇದ್ದ ಕಾಲ.

ನಿಷೇಧ ಬಂದದ್ದು, ಹೋದದ್ದು

ಟೀಮ್ ಆರ್ಡರ್ ಹೊಸದೇನಲ್ಲ. 1956ರಲ್ಲಿ ಇಟಲಿಯ ಮೋಂಜಾದಲ್ಲಿ ಪೀಟರ್ ಕಾಲಿನ್ಸ್ ತಮಗೂ ಚಾಂಪಿಯನ್ ಆಗುವ ಅವಕಾಶ ಇದ್ದಾಗಲೇ ಕಾರಿನಿಂದ ಇಳಿದು ಅದನ್ನು ಜೊತೆಗಾರ ಹ್ವಾನ್ ಮ್ಯಾನ್ವೆಲ್ ಫ್ಯಾಂಜಿಯೊಗೆ ಬಿಟ್ಟುಕೊಟ್ಟಿದ್ದರು. ಆಗ ಜನ ಅದನ್ನು ದೊಡ್ಡ ಮನಸ್ಸು ಅಂದರು.

2002ರ ಆಸ್ಟ್ರಿಯಾ ರೇಸ್‌ನಲ್ಲಿ ಆ ಮಾತು ಯಾರೂ ಹೇಳಲಿಲ್ಲ. ರೂಬೆನ್ಸ್ ಬ್ಯಾರಿಕೆಲ್ಲೊ ಗೆಲ್ಲುವ ರೇಸ್ ಅದು. ಕೊನೆಯ ತಿರುವು ದಾಟಿದ ಮೇಲೆ, ಗೆರೆಗೆ ಕೆಲವೇ ಮೀಟರ್ ಇರುವಾಗ, ತಮ್ಮ ಫೆರಾರಿ ತಂಡ ಹೇಳಿದಂತೆ ನಿಧಾನ ಮಾಡಿ ಜೊತೆಗಾರ ಮೈಕೆಲ್ ಶುಮಾಕರ್‌ಗೆ ಗೆಲುವು ಬಿಟ್ಟುಕೊಟ್ಟರು. ಪ್ರೇಕ್ಷಕರು ಪೋಡಿಯಂ ಕಡೆ ಕೂಗಾಡಿದರು. ಮುಜುಗರಕ್ಕೆ ಬಿದ್ದ ಶುಮಾಕರ್ ಬ್ಯಾರಿಕೆಲ್ಲೊ ಅವರನ್ನು ಮೇಲಿನ ಮೆಟ್ಟಿಲಿಗೆ ಹತ್ತಿಸಿದರು. ತಮಾಷೆ ಏನೆಂದರೆ ಫೆರಾರಿಗೆ 10 ಲಕ್ಷ ಡಾಲರ್ ದಂಡ ಬಿದ್ದದ್ದು ಆರ್ಡರ್ ಕೊಟ್ಟದ್ದಕ್ಕಲ್ಲ, ಪೋಡಿಯಂನಲ್ಲಿ ಮೆಟ್ಟಿಲು ಅದಲು ಬದಲು ಮಾಡಿದ್ದಕ್ಕೆ. ಅದರಲ್ಲೂ ಅರ್ಧ ಹಣವನ್ನು ತಕ್ಷಣ ಕಟ್ಟಬೇಕಿರಲಿಲ್ಲ. ಆರ್ಡರ್ ಕೊಡಬಾರದು ಎಂಬ ನಿಯಮವೇ ಆಗ ಇರಲಿಲ್ಲ. ಮುಂದಿನ ವರ್ಷ ಬಂತು.

ಬಂದ ನಿಯಮ ಹೇಳಿದ್ದು ಇಷ್ಟೇ: ರೇಸ್ ಫಲಿತಾಂಶದ ಮೇಲೆ ಪರಿಣಾಮ ಬೀರುವ ಟೀಮ್ ಆರ್ಡರ್ ಕೂಡದು. ಕ್ವಾಲಿಫೈಯಿಂಗ್ ಬಗ್ಗೆ ಅದರಲ್ಲಿ ಒಂದು ಪದವೂ ಇರಲಿಲ್ಲ.

ಅದು ಎಷ್ಟು ಚೆನ್ನಾಗಿ ಕೆಲಸ ಮಾಡಿತು ಅನ್ನೋದಕ್ಕೆ 2010ರ ಹಾಕನ್‌ಹೈಮ್ ಸಾಕು. ಅಲೊನ್ಸೊ ಆಗ ಫೆರಾರಿಯಲ್ಲಿದ್ದರು. ಮುಂದಿದ್ದ ಅವರ ಜೊತೆಗಾರ ಫೆಲಿಪೆ ಮಾಸ್ಸಾಗೆ ರೇಡಿಯೊದಲ್ಲಿ ಒಂದು ಮಾತು ಹೋಯಿತು: ಫರ್ನಾಂಡೊ ನಿನಗಿಂತ ವೇಗವಾಗಿದ್ದಾರೆ, ಅರ್ಥವಾಯಿತು ಅಂತ ಹೇಳು. ಮಾಸ್ಸಾಗೆ ಅರ್ಥವಾಯಿತು. ಟಿವಿ ಮುಂದೆ ಕೂತ ನಮಗೂ ಅರ್ಥವಾಯಿತು. ಸುಮ್ನೆ ಒಂದು ಮಾಹಿತಿ ಕೊಟ್ಟೆವು ಅಷ್ಟೇ ಅಂತ ತಂಡ ವಾದಿಸಿತು. 1 ಲಕ್ಷ ಡಾಲರ್ ದಂಡ ಬಿತ್ತು, ಫಲಿತಾಂಶ ಹಾಗೇ ಉಳಿಯಿತು. 2011ರಿಂದ ನಿಷೇಧವನ್ನೇ ತೆಗೆದುಹಾಕಿದರು. ಕಳ್ಳಭಾಷೆಯನ್ನು ಕಾನೂನಿನಿಂದ ಹಿಡಿಯೋಕೆ ಆಗಲ್ಲ ಅಂತ ನಿಯಮ ಮಾಡುವ ಸಂಸ್ಥೆಯಾದ ಎಫ್‌ಐಎಗೆ ಗೊತ್ತಾಗಿತ್ತು.

ಹಾಗಾಗಿ ಈಗ ಟೀಮ್ ಆರ್ಡರ್ ಕಾನೂನುಬದ್ಧ. ರೇಸ್‌ನಲ್ಲೂ, ಕ್ವಾಲಿಫೈಯಿಂಗ್‌ನಲ್ಲೂ. ರೇಸ್ ಮಟ್ಟಿಗೆ ನನಗೆ ಅದರ ಬಗ್ಗೆ ದೊಡ್ಡ ತಕರಾರಿಲ್ಲ. ಕ್ವಾಲಿಫೈಯಿಂಗ್ ವಿಷಯ ಹಾಗಲ್ಲ. ಯಾಕೆ ಅಂತ ಹೇಳುತ್ತೇನೆ.

ರೇಸ್‌ನಲ್ಲಿ ಸಾಲ ತೀರುತ್ತದೆ

2024ರ ಹಂಗೇರಿ ರೇಸ್ ನೆನಪಿಸಿಕೊಳ್ಳಿ. ಆಸ್ಕರ್ ಪಿಯಾಸ್ಟ್ರಿ ಮುಂದಿದ್ದರು. ಹಿಂದಿನಿಂದ ಬರುವವರ ಭಯಕ್ಕೆ ಮೆಕ್ಲಾರೆನ್ ಮೊದಲು ಅವರ ಜೊತೆಗಾರ ಲ್ಯಾಂಡೊ ನಾರಿಸ್ ಅವರನ್ನು ಪಿಟ್‌ಗೆ ಕರೆಯಿತು. ಹೊಸ ಟೈರ್ ಬಲದಿಂದ ನಾರಿಸ್ ಮುಂದೆ ಬಂದುಬಿಟ್ಟರು. ಇದು ನಮ್ಮ ನಿರ್ಧಾರದಿಂದ ಆದ ಅದಲು ಬದಲು, ಜಾಗ ವಾಪಸ್ ಕೊಡಿ ಅಂತ ತಂಡ ಕೇಳುತ್ತಲೇ ಹೋಯಿತು. ನಾರಿಸ್ ಸತಾಯಿಸಿದರು. ಕೊನೆಗೆ ಇನ್ನೆರಡು ಮೂರು ಲ್ಯಾಪ್ ಇರುವಾಗ ಕೊಟ್ಟರು. ಪಿಯಾಸ್ಟ್ರಿಗೆ ಅದು ಮೊದಲ ಗೆಲುವು. 2025ರಲ್ಲಿ ಮೋಂಜಾದಲ್ಲಿ ಉಲ್ಟಾ ಆಯಿತು. ನಾರಿಸ್ ಪಿಟ್ ಸ್ಟಾಪ್ ನಿಧಾನವಾಗಿ ಪಿಯಾಸ್ಟ್ರಿ ಮುಂದೆ ಹೋದರು. ಎರಡನೇ ಸ್ಥಾನ ವಾಪಸ್ ಕೊಡಿ ಅಂದರು, ಅವರೂ ಕೊಟ್ಟರು.

ಇದು ಸರಿಯಾ ತಪ್ಪಾ ಅಂತ ಜಗಳ ಆಡಬಹುದು. ಎರಡನೆಯದು ನನಗೂ ಅತಿ ಅನಿಸಿತು. ಪಿಟ್ ಸ್ಟಾಪ್ ಕೆಡುವುದೂ ಆಟದ ಭಾಗವೇ ಅಲ್ವಾ? ಆದರೆ ಒಂದು ವಿಷಯ ನೋಡಿ. ರೇಸ್‌ನಲ್ಲಿ ಕೊಟ್ಟದ್ದನ್ನು ವಾಪಸ್ ಪಡೆಯಲು ಸಾಧ್ಯ. ಐವತ್ತು, ಅರವತ್ತು ಲ್ಯಾಪ್ ಇರುತ್ತದೆ. ಇವತ್ತು ದಾರಿ ಬಿಟ್ಟರೆ, ಮುಂದಿದ್ದವರನ್ನು ಹಿಡಿಯಲು ಆಗದೇ ಹೋದರೆ, ಐದು ಲ್ಯಾಪ್ ಆದ ಮೇಲೆ ಜಾಗ ವಾಪಸ್. ತಂಡಗಳು ಇದನ್ನು ಮಾಡಿಯೂ ತೋರಿಸಿವೆ.

ಕ್ವಾಲಿಫೈಯಿಂಗ್‌ನಲ್ಲಿ ಈ ವ್ಯವಹಾರ ನಡೆಯಲ್ಲ. 2006ರಿಂದ ಇರುವ ಮೂರು ಸುತ್ತಿನ ಪದ್ಧತಿಯಲ್ಲಿ ಕೊನೆಯ ಸುತ್ತಿಗೆ ಸಿಗುವುದೇ ಹತ್ತು ಹದಿನೈದು ನಿಮಿಷ. ಅಷ್ಟರಲ್ಲಿ ಸಾಮಾನ್ಯವಾಗಿ ಎರಡು ಪ್ರಯತ್ನ. ಎರಡನೆಯದು ಕೆಟ್ಟರೆ ಮೂರನೆಯದಿಲ್ಲ. ನೀವು ನಿಮ್ಮ ಲ್ಯಾಪನ್ನು ಜೊತೆಗಾರನಿಗೋಸ್ಕರ ಹಾಳು ಮಾಡಿಕೊಂಡರೆ ಅದು ಹೋಯಿತು. ಮುಂದಿನ ರೇಸ್‌ನಲ್ಲಿ ತೀರಿಸ್ತೀವಿ ಅಂತ ತಂಡ ಹೇಳಬಹುದು. ಅಲ್ಲಿ ಟ್ರ್ಯಾಕ್ ಬೇರೆ, ಹವೆ ಬೇರೆ, ಕಾರಿನ ವೇಗವೂ ಬೇರೆ. ತಂಡದ ಒಳಗಿನ ಜಗಳಗಳಲ್ಲಿ ತುಂಬಾ ಕಹಿಯಾದ ಕೆಲವು ಶನಿವಾರದ ಇಂಥ ತೀರದ ಸಾಲಗಳಿಂದಲೇ ಶುರುವಾದವು.

ಇನ್ನೊಂದು ಕಾರಣವೂ ಇದೆ. ಚಾಲಕನ ನಿಜವಾದ ವೇಗ ಅಳೆಯೋಕೆ ಈ ಕ್ರೀಡೆಯಲ್ಲಿ ಇರುವ ಒಂದೇ ಒಂದು ಸ್ವಚ್ಛವಾದ ತಕ್ಕಡಿ ಎಂದರೆ ಜೊತೆಗಾರನ ಕ್ವಾಲಿಫೈಯಿಂಗ್ ಸಮಯ. ಒಂದೇ ಕಾರು, ಒಂದೇ ಟೈರ್, ಒಂದೇ ಟ್ರ್ಯಾಕ್. ರೇಸ್‌ನಲ್ಲಾದರೆ ಸೇಫ್ಟಿ ಕಾರ್, ಪಿಟ್ ಸ್ಟಾಪ್, ಟ್ರಾಫಿಕ್ ಅಂತ ನೂರು ನೆಪ. ಶನಿವಾರ ಗಡಿಯಾರ ಬಿಟ್ಟರೆ ಬೇರೆ ಏನೂ ಇಲ್ಲ. ಮುಂದಿನ ಕಾಂಟ್ರಾಕ್ಟ್ ಮಾತುಕತೆಯಲ್ಲಿ ಮೇಜಿನ ಮೇಲೆ ಬರುವುದೂ ಈ ಲೆಕ್ಕವೇ. ಆ ತಕ್ಕಡಿಯ ಮೇಲೆ ತಂಡ ಬೆರಳಿಟ್ಟರೆ ನಷ್ಟವಾಗುವುದು ಒಂದು ಸ್ಥಾನವಷ್ಟೇ ಅಲ್ಲ.

ಗಾಳಿ ಸಾಲ ಕೊಡುವುದು

ಕ್ವಾಲಿಫೈಯಿಂಗ್‌ನಲ್ಲಿ ಟೀಮ್ ಆರ್ಡರ್ ಅಂದರೆ ಹೆಚ್ಚಾಗಿ ಟೋ. ಮುಂದಿನ ಕಾರು ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ. ಅದರ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆ. ಅಲ್ಲಿ ನುಗ್ಗಿದ ಕಾರಿಗೆ ಎದುರುಗಾಳಿ ತಡೆ ಕಡಿಮೆಯಾಗಿ ನೇರ ದಾರಿಯಲ್ಲಿ ವೇಗ ಏರುತ್ತದೆ. ಆದರೆ ತಿರುವಿನಲ್ಲಿ ಅದೇ ಕಲಕಿದ ಗಾಳಿ ಶತ್ರು. ಕಾರನ್ನು ನೆಲಕ್ಕೆ ಒತ್ತುವ ಬಲ ಕುಗ್ಗಿ ಹಿಡಿತ ತಪ್ಪುತ್ತದೆ. ಹಾಗಾಗಿ ತೀರಾ ಹತ್ತಿರವೂ ಇರಬಾರದು, ದೂರವೂ ಆಗಬಾರದು. ಕೆಲವು ಸೆಕೆಂಡಿನ ಅಂತರ ಹದವಾಗಿ ಕಾಯ್ದುಕೊಳ್ಳಬೇಕು. ಮೊನಾಕೊದಂಥ ಕಿರಿದಾದ ಟ್ರ್ಯಾಕ್‌ನಲ್ಲಿ ಇದರಿಂದ ಏನೂ ಸಿಗಲ್ಲ. ಮೋಂಜಾ, ಬಾಕು ಅಂಥ ಕಡೆ ಉದ್ದುದ್ದ ನೇರ ದಾರಿ, ಅಲ್ಲಿ ಟೋ ಅಂದರೆ ಚಿನ್ನ.

ಎಷ್ಟು ಚಿನ್ನ ಅಂದರೆ 2019ರ ಮೋಂಜಾ ನೋಡಿ. ಪೋಲ್ ಪಡೆದ ಶಾರ್ಲ್ ಲೆಕ್ಲೇರ್ ಮತ್ತು ಎರಡನೆಯವರಾದ ಹ್ಯಾಮಿಲ್ಟನ್ ನಡುವೆ ಇದ್ದದ್ದು 0.039 ಸೆಕೆಂಡು. ಕಣ್ಣು ಮಿಟುಕಿಸೋಕೂ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಒಂದು ಒಳ್ಳೆಯ ಟೋ ಇದರ ಎಷ್ಟೋ ಪಟ್ಟು ಕೊಡುತ್ತದೆ. ಹಾಗಿದ್ದ ಮೇಲೆ ಮುಂದೆ ಹೋಗಿ ಗಾಳಿ ಸೀಳುವ ದಾನಶೂರ ಯಾರಾಗಬೇಕು?

ಯಾರೂ ಆಗಲಿಲ್ಲ. ಕೊನೆಯ ಎರಡು ನಿಮಿಷಕ್ಕೆ ಒಂಬತ್ತು ಕಾರು ಒಟ್ಟಿಗೆ ಹೊರಬಂದವು. ಎಲ್ಲರ ಮುಂದಿದ್ದ ನಿಕೊ ಹುಲ್ಕೆನ್‌ಬರ್ಗ್ ಮೊದಲ ಚಿಕೇನ್‌ನಲ್ಲಿ (ಎಡ ಬಲಕ್ಕೆ ಬಿಗಿಯಾಗಿ ತಿರುಗುವ ಜಾಗ) ತಿರುಗದೆ ನೇರವಾಗಿ ಪಕ್ಕದ ದಾರಿಗೆ ಹೋಗಿಬಿಟ್ಟರು. ಬೇರೆಯವರು ಮುಂದೆ ಹೋಗಲಿ ಅಂತ. ಬೇರೆಯವರೂ ಹೋಗಲಿಲ್ಲ. ನೀ ಮೊದಲು, ನೀ ಮೊದಲು ಅಂತ ಜಗತ್ತಿನ ಅತಿ ವೇಗದ ಕಾರುಗಳು ಮೆರವಣಿಗೆ ಥರ ಸಾಲಾಗಿ ತೆವಳಿದವು. ನಾನು ಅವತ್ತು ಮೊದಲು ನಕ್ಕೆ, ಆಮೇಲೆ ಗಡಿಯಾರ ನೋಡಿ ನಗು ನಿಂತಿತು. ಸಮಯ ಮುಗಿಯುವ ಮೊದಲು ಗೆರೆ ದಾಟಿದ್ದು ಇಬ್ಬರೇ, ಕಾರ್ಲೋಸ್ ಸೈಂಜ್ ಮತ್ತು ಲೆಕ್ಲೇರ್. ಉಳಿದ ಏಳು ಜನರಿಗೆ ಲ್ಯಾಪೇ ಸಿಗಲಿಲ್ಲ.

ಆ ಏಳರಲ್ಲಿ ಒಬ್ಬರು ಸೆಬಾಸ್ಟಿಯನ್ ವೆಟೆಲ್. ಫೆರಾರಿಯೊಳಗೆ ಒಂದು ಒಪ್ಪಂದ ಇತ್ತು. ಮೊದಲ ಪ್ರಯತ್ನದಲ್ಲಿ ವೆಟೆಲ್ ಮುಂದೆ ಹೋಗಿ ಲೆಕ್ಲೇರ್‌ಗೆ ಟೋ ಕೊಡಬೇಕು, ಎರಡನೆಯದರಲ್ಲಿ ಲೆಕ್ಲೇರ್ ಮುಂದೆ ಹೋಗಿ ವೆಟೆಲ್‌ಗೆ. ಮೊದಲ ಭಾಗ ನಡೆಯಿತು. ಎರಡನೆಯದು ಆ ಗೊಂದಲದಲ್ಲಿ ಮುಳುಗಿತು. ಲೆಕ್ಲೇರ್ ಪೋಲ್, ವೆಟೆಲ್ ನಾಲ್ಕನೆಯವರು. ಮರುದಿನ ಲೆಕ್ಲೇರ್ ಗೆದ್ದರು, ಇಟಲಿಯ ಫೆರಾರಿ ಅಭಿಮಾನಿಗಳು ಕುಣಿದರು. ವೆಟೆಲ್ ಮುಖ ಮಾತ್ರ ಬಿಗಿದಿತ್ತು.

ಮೂರು ವಾರ ಬಿಟ್ಟು ರಷ್ಯಾದ ಸೋಚಿಯಲ್ಲಿ ರೇಸ್. ಮತ್ತೆ ಒಂದು ಒಪ್ಪಂದ. ಪೋಲ್‌ನಲ್ಲಿದ್ದ ಲೆಕ್ಲೇರ್ ಶುರುವಿನಲ್ಲಿ ವೆಟೆಲ್‌ಗೆ ಟೋ ಕೊಟ್ಟು ಹ್ಯಾಮಿಲ್ಟನ್ ಅವರನ್ನು ದಾಟಲು ಬಿಡಬೇಕು, ವೆಟೆಲ್ ಮುಂದೆ ಬಂದರೆ ಆಮೇಲೆ ಜಾಗ ವಾಪಸ್ ಕೊಡಬೇಕು. ಲೆಕ್ಲೇರ್ ಟೋ ಕೊಟ್ಟರು, ವೆಟೆಲ್ ಮುಂದೆ ಬಂದರು, ಜಾಗ ಮಾತ್ರ ಕೊಡಲಿಲ್ಲ. ಮೋಂಜಾದ ಲೆಕ್ಕವನ್ನೇ ಅಲ್ಲಿ ಚುಕ್ತಾ ಮಾಡಿದರಾ ಅಂತ ಅವರ ಮನಸ್ಸೊಳಗೆ ಇಣುಕಿ ಹೇಳೋಕೆ ನನಗಾಗಲ್ಲ. ಆದರೆ ಒಂದು ತಿಂಗಳ ಒಳಗೆ ಎರಡು ಒಪ್ಪಂದ ಮುರಿದ ಮನೆಯಲ್ಲಿ ಮೂರನೆಯದನ್ನು ಯಾರು ನಂಬುತ್ತಾರೆ?

ಟೋ ಕೊಡುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. 2022ರ ಫ್ರಾನ್ಸ್ ರೇಸ್‌ನಲ್ಲಿ ಅದೇ ಫೆರಾರಿ ಅದನ್ನು ಎಷ್ಟು ಅಂದವಾಗಿ ಮಾಡಿತು! ಎಂಜಿನ್ ಬದಲಿಸಿದ ಶಿಕ್ಷೆಗೆ ಸೈಂಜ್ ಹೇಗಿದ್ದರೂ ಗ್ರಿಡ್‌ನ ಹಿಂದಿನಿಂದ ಶುರು ಮಾಡಬೇಕಿತ್ತು. ಆದರೂ ಕೊನೆಯ ಸುತ್ತಿಗೆ ಬಂದರು, ತಮಗೆ ಲ್ಯಾಪ್ ಸಮಯ ಬೇಕಿಲ್ಲದ ಕಾರಣ ಲೆಕ್ಲೇರ್ ಮುಂದೆ ಗಾಳಿ ಸೀಳಿದರು. ಲೆಕ್ಲೇರ್‌ಗೆ ಪೋಲ್. ಸೈಂಜ್ ಕಳೆದುಕೊಂಡದ್ದು ಒಂದು ಜೊತೆ ಟೈರ್ ಮಾತ್ರ. ಇದಕ್ಕೆ ಯಾರು ಬೇಡ ಅನ್ನುತ್ತಾರೆ? ಎರಡು ಕಾರಿನ ತಂಡ ಇರುವುದೇ ಇದಕ್ಕೆ.

2021ರ ಅಬುಧಾಬಿ ಸ್ವಲ್ಪ ಮಧ್ಯದ್ದು. ಚಾಂಪಿಯನ್‌ಶಿಪ್ ಅಂಕಗಳಲ್ಲಿ ಮ್ಯಾಕ್ಸ್ ವರ್ಸ್ಟಾಪನ್ ಮತ್ತು ಹ್ಯಾಮಿಲ್ಟನ್ ಸಮಸಮ. ಸೆರ್ಜಿಯೊ ಪೆರೆಜ್ ಕೊನೆಯ ಸುತ್ತಿನಲ್ಲಿ ತಮ್ಮ ಜೊತೆಗಾರ ವರ್ಸ್ಟಾಪನ್‌ಗೆ ಟೋ ಕೊಟ್ಟರು. ಪೋಲ್ ಬಂತು, ಅದೂ 0.371 ಸೆಕೆಂಡು ಅಂತರದಲ್ಲಿ. ಪೆರೆಜ್ ಅವರಿಗೆ ಸಿಕ್ಕಿದ್ದು ನಾಲ್ಕನೇ ಸ್ಥಾನ. ಅಲ್ಲಿ ಪೆರೆಜ್ ಏನೋ ಒಂದಿಷ್ಟು ತ್ಯಾಗ ಮಾಡಿದರು, ಆದರೆ ತಮ್ಮ ಲ್ಯಾಪನ್ನು ಪೂರ್ತಿ ಬಿಟ್ಟುಕೊಡಲಿಲ್ಲ. ಪ್ರಶಸ್ತಿಯ ಕೊನೆಯ ರೇಸ್, ಪೆರೆಜ್ ಪ್ರಶಸ್ತಿ ಪೈಪೋಟಿಯಲ್ಲಿ ಇಲ್ಲ. ಒಪ್ಪಬಹುದು.

ಒಡೆದ ಸೀಲ್

2012ರ ಆಸ್ಟಿನ್ ರೇಸ್‌ನ ಪ್ರಕರಣ ಮಾತ್ರ ನನಗೆ ಇವತ್ತಿಗೂ ಪೂರ್ತಿ ಜೀರ್ಣವಾಗಿಲ್ಲ. ಟ್ರ್ಯಾಕ್ ಹೊಚ್ಚ ಹೊಸದು. ಕಾರುಗಳು ಓಡಾಡುವ ಕಡೆ ಮಾತ್ರ ಧೂಳು ಹೋಗಿ ರಬ್ಬರ್ ಕೂತಿತ್ತು. ಗ್ರಿಡ್‌ನಲ್ಲಿ 1, 3, 5, 7 ಹೀಗೆ ಬೆಸ ಸಂಖ್ಯೆಯ ಜಾಗಗಳು ಆ ಸ್ವಚ್ಛ ಬದಿಯಲ್ಲಿ. ಸಮ ಸಂಖ್ಯೆಯವರಿಗೆ ಜಾರುವ ಬದಿ.

ಕ್ವಾಲಿಫೈಯಿಂಗ್‌ನಲ್ಲಿ ಮಾಸ್ಸಾ 7ನೆಯವರು, ಅಲೊನ್ಸೊ 9ನೆಯವರು. ಬೇರೆ ತಂಡದ ಒಬ್ಬರಿಗೆ ಶಿಕ್ಷೆ ಬಿದ್ದು ಇಬ್ಬರೂ ಒಂದೊಂದು ಸ್ಥಾನ ಮೇಲೆ ಬಂದರು. ಖುಷಿಯ ವಿಷಯ ಅಲ್ವಾ? ಅಲ್ಲ. ಅಲೊನ್ಸೊ ಈಗ 8ನೇ ಜಾಗದಲ್ಲಿ, ಅಂದರೆ ಜಾರುವ ಬದಿಯಲ್ಲಿ. ಸೆಬಾಸ್ಟಿಯನ್ ವೆಟೆಲ್ ಜೊತೆ ಪ್ರಶಸ್ತಿಗೆ ಹೋರಾಡುತ್ತಿದ್ದವರು ಅವರು. ಆಗ ಫೆರಾರಿ ಏನು ಮಾಡಿತು ಗೊತ್ತಾ? ಮಾಸ್ಸಾ ಕಾರಿನ ಗೇರ್‌ಬಾಕ್ಸ್ ಬಿಚ್ಚದಿರಲಿ ಅಂತ ಅದರ ಮೇಲೆ ಹಾಕಿದ್ದ ಸೀಲ್ ಒಡೆಯಿತು. ಗೇರ್‌ಬಾಕ್ಸ್‌ಗೆ ಏನೂ ಆಗಿರಲಿಲ್ಲ. ಸೀಲ್ ಒಡೆದರೆ ಐದು ಸ್ಥಾನ ಶಿಕ್ಷೆ, ಅದು ನಿಯಮ. ಮಾಸ್ಸಾ 11ಕ್ಕೆ ಇಳಿದರು, ಅಲೊನ್ಸೊ 7ಕ್ಕೆ ಏರಿ ಸ್ವಚ್ಛ ಬದಿಗೆ ಬಂದರು.

ತಂಡ ಮುಚ್ಚಿಡಲಿಲ್ಲ. ಹೌದು, ಬೇಕಂತಲೇ ಮಾಡಿದೆವು ಅಂದಿತು. ಆ ಪ್ರಾಮಾಣಿಕತೆಗೆ ಅಂಕ ಕೊಡಲೇಬೇಕು. ಯಾವ ನಿಯಮವೂ ಮುರಿದಿರಲಿಲ್ಲ. ಅಲೊನ್ಸೊ ಮೂರನೆಯವರಾಗಿ ಮುಗಿಸಿದರು, 11ರಿಂದ ಹೊರಟ ಮಾಸ್ಸಾ ನಾಲ್ಕನೆಯವರು. ಇಷ್ಟೆಲ್ಲ ಮಾಡಿಯೂ ಅಲೊನ್ಸೊ ಆ ವರ್ಷ ವೆಟೆಲ್‌ಗೆ ಮೂರು ಅಂಕದಿಂದ ಸೋತರು, 281ಕ್ಕೆ 278.

ಆದರೆ ಮಾಸ್ಸಾ ಜಾಗದಲ್ಲಿ ನಿಂತು ನೋಡಿ. ಶನಿವಾರ ಜೊತೆಗಾರನಿಗಿಂತ ಎರಡು ಸ್ಥಾನ ಮುಂದೆ ಬಂದಿದ್ದೀರಿ. ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ನಿಮ್ಮದೇ ಮೆಕ್ಯಾನಿಕ್‌ಗಳು ನಿಮ್ಮದೇ ಕಾರಿನ ಸೀಲ್ ಒಡೆದಿದ್ದಾರೆ. ದಾರಿ ಬಿಡು ಅಂದರೆ ಸ್ಟಿಯರಿಂಗ್ ಕೊನೇಪಕ್ಷ ನಿಮ್ಮ ಕೈಯಲ್ಲಿರುತ್ತದೆ. ಬೇಕಾದರೆ ಇಲ್ಲ ಅನ್ನಬಹುದು, ಹ್ಯಾಮಿಲ್ಟನ್ ಅಂದ ಹಾಗೆ. ಇಲ್ಲಿ ಆ ಅವಕಾಶವೂ ಇಲ್ಲ. ಗಳಿಸಿದ ಜಾಗವನ್ನು ಗ್ಯಾರೇಜಿನಲ್ಲಿ ಕಿತ್ತುಕೊಂಡದ್ದು ಇದು. ನನ್ನ ಪ್ರಕಾರ ನಿಯಮ ಗೆರೆ ಎಳೆಯಬೇಕಾದ ಜಾಗ ಇದೇ.

ಎದುರಾಳಿಯ ಲ್ಯಾಪ್ ಕೆಡಿಸುವುದು

ಇದರ ಬಗ್ಗೆ ಹೆಚ್ಚು ಹೇಳೋದಿಲ್ಲ, ಯಾಕೆಂದರೆ ಇಲ್ಲಿ ಚರ್ಚೆಗೆ ಜಾಗವೇ ಕಡಿಮೆ. 2006ರಲ್ಲಿ ಮೊನಾಕೊದ ರಸ್ಕಾಸ್ ತಿರುವಿನಲ್ಲಿ ಶುಮಾಕರ್ ಕಾರು ನಿಂತಿತು. ಅಪಾಯ ಇದೆ, ನಿಧಾನ ಮಾಡಿ ಎಂಬ ಹಳದಿ ಬಾವುಟ ಬಂದು ಹಿಂದಿನವರ ಲ್ಯಾಪ್ ಕೆಟ್ಟಿತು. ಸ್ಟೀವರ್ಡ್‌ಗಳು ಅದು ಬೇಕಂತಲೇ ಅಂತ ತೀರ್ಮಾನಿಸಿ ಅವರನ್ನು ಗ್ರಿಡ್‌ನ ಕೊನೆಗೆ ಕಳಿಸಿದರು. 2014ರಲ್ಲಿ ಅದೇ ಮೊನಾಕೊದಲ್ಲಿ ನಿಕೊ ರೋಸ್‌ಬರ್ಗ್ ದಾರಿ ತಪ್ಪಿ ಪಕ್ಕದ ರಸ್ತೆಗೆ ಹೋದರು, ಹಿಂದೆ ಬರುತ್ತಿದ್ದ ಹ್ಯಾಮಿಲ್ಟನ್ ಲ್ಯಾಪ್ ಹೋಯಿತು. ಸ್ಟೀವರ್ಡ್‌ಗಳು ಅದು ಸಹಜ ತಪ್ಪು ಅಂದರು. ಎರಡೂ ಟೀಮ್ ಆರ್ಡರ್ ಅಲ್ಲ. ಆದರೆ ಆರ್ಡರ್ ಕೊಡಲು ಬಿಟ್ಟರೆ ನಾಳೆ ಇದನ್ನೂ ಮಾಡಿಸಬಹುದು ಎಂಬ ಭಯ ಸುಳ್ಳಲ್ಲ. 2008ರಲ್ಲಿ ಸಿಂಗಪುರದ ರೇಸ್‌ನಲ್ಲಿ ರೆನೊ ತಂಡ ನೆಲ್ಸನ್ ಪಿಕೆ ಜೂನಿಯರ್ ಅವರಿಂದ ಬೇಕಂತಲೇ ಗೋಡೆಗೆ ಗುದ್ದಿಸಿತ್ತು. ಆ ರೇಸ್ ಅದೇ ತಂಡದಲ್ಲಿದ್ದ ಅಲೊನ್ಸೊ ಗೆದ್ದರು. ಗುದ್ದು ಅಂತ ಹೇಳುವ ತಂಡ ಇತ್ತು, ಗುದ್ದುವ ಚಾಲಕನೂ ಸಿಕ್ಕಿದ ಅನ್ನೋದನ್ನು ಮರೆಯಬಾರದು.

ಇದಕ್ಕೆ ಅಮೆರಿಕದ ಇಂಡಿಕಾರ್ ರೇಸ್ ಸರಣಿಯಲ್ಲಿ ಸುಲಭ ಮದ್ದಿದೆ. ರಸ್ತೆ ಟ್ರ್ಯಾಕ್‌ಗಳ ಕ್ವಾಲಿಫೈಯಿಂಗ್‌ನಲ್ಲಿ ನಿಮ್ಮಿಂದ ಕೆಂಪು ಬಾವುಟ ಬಂದು ಓಟ ನಿಂತರೆ ನಿಮ್ಮ ಎರಡು ಅತಿ ವೇಗದ ಲ್ಯಾಪ್ ರದ್ದು. ಬೇಕಂತ ಮಾಡಿದ್ದಾ, ಅಪ್ಪಿತಪ್ಪಿ ಆಯಿತಾ ಅಂತ ಯಾರೂ ಕೇಳೋದಿಲ್ಲ. ಫಾರ್ಮುಲಾ ಒನ್‌ನಲ್ಲಿ 2021ರ ಮೊನಾಕೊದಲ್ಲಿ ಲೆಕ್ಲೇರ್ ಗೋಡೆಗೆ ಗುದ್ದಿ ಕೆಂಪು ಬಾವುಟ ಬಂದಾಗ ಪೋಲ್ ಅವರಲ್ಲೇ ಉಳಿಯಿತು. ಅದು ಪ್ರಾಮಾಣಿಕ ತಪ್ಪೇ. ಮರುದಿನ ಆ ಕಾರು ರೇಸ್ ಶುರು ಮಾಡಲೂ ಆಗಲಿಲ್ಲ, ಪಾಪ. ಆದರೂ ಹಿಂದಿನವರ ಕೊನೆಯ ಲ್ಯಾಪ್ ಕೆಡಿಸಿದ ಮೇಲೆ ಅದರ ಲಾಭ ಕೆಡಿಸಿದವರಿಗೇ ಸಿಗುವುದು ಸರಿ ಅನಿಸಲ್ಲ. ಇಂಡಿಕಾರ್ ನಿಯಮ ತಂದರೆ ನಿಷ್ಪಾಪಿಗಳಿಗೂ ಒಮ್ಮೊಮ್ಮೆ ಪೆಟ್ಟು ಬೀಳುತ್ತದೆ. ಬೀಳಲಿ. ಸ್ಟೀವರ್ಡ್‌ಗಳು ಮನಸ್ಸು ಓದುವ ಕೆಲಸವಾದರೂ ತಪ್ಪುತ್ತದೆ.

ಹಾಗಾದರೆ ನಿಷೇಧಿಸೋಣವೇ?

ಪೂರ್ತಿ ನಿಷೇಧ ಆಗದ ಮಾತು. ಒಂದು ತಂಡದ ಎರಡು ಕಾರಿನಲ್ಲಿ ಯಾವುದು ಮೊದಲು ಹೊರಡಬೇಕು? ಅದನ್ನು ಯಾರೋ ಒಬ್ಬರು ಹೇಳಲೇಬೇಕು. ಹೇಳಿದ ತಕ್ಷಣ ಅದು ಟೀಮ್ ಆರ್ಡರ್. ಲ್ಯಾಪ್ ಕಳೆದಂತೆ ಟ್ರ್ಯಾಕ್‌ಗೆ ರಬ್ಬರ್ ಕೂತು ಹಿಡಿತ ಏರುತ್ತದೆ, ಹಾಗಾಗಿ ಕೊನೆಗೆ ಓಡುವವರಿಗೆ ಲಾಭ. ಮಳೆ ಬರುವ ಹಾಗಿದ್ದರೆ ಮೊದಲು ಓಡಿದವರಿಗೆ. ಯಾವ ಸರದಿ ಕೊಟ್ಟರೂ ಒಬ್ಬರಿಗೆ ಕೊಂಚ ಜಾಸ್ತಿ ಸಿಕ್ಕೇ ಸಿಗುತ್ತದೆ.

ಒಬ್ಬೊಬ್ಬರನ್ನೇ ಓಡಿಸಿದರೆ ಈ ತಲೆನೋವೇ ಇಲ್ಲ. ಇಂಡಿಯಾನಾಪೊಲಿಸ್ 500ಕ್ಕೆ ಹಾಗೇ ಮಾಡುತ್ತಾರೆ, ಒಂದೊಂದೇ ಕಾರು, ನಾಲ್ಕು ಲ್ಯಾಪ್. ಟೋ ಕೊಡಲು ಮುಂದೆ ಯಾರೂ ಇರಲ್ಲ. ಫಾರ್ಮುಲಾ ಒನ್ ಕೂಡ 2003ರಿಂದ 2005ರವರೆಗೆ ಒಂದೇ ಕಾರಿನ ಪದ್ಧತಿ ನೋಡಿತು. ಆಗ ಟೀಮ್ ಆರ್ಡರ್ ಬದಲು ಹವೆಯೇ ಆಟ ಆಡಿತು. 2005ರ ಜಪಾನ್ ರೇಸ್‌ಗೆ ಮುಂಚೆ ಸುಜುಕಾದಲ್ಲಿ ಮಳೆ ಸುರಿದು, ಕೊನೆಯ ಸರದಿಯಲ್ಲಿ ಓಡಿದ ದೊಡ್ಡ ದೊಡ್ಡವರೆಲ್ಲ ಹಿಂದೆ ಬಿದ್ದರು. ಕಿಮಿ ರೈಕೊನೆನ್ 17ನೆಯವರು. ಮರುದಿನ ಅಲ್ಲಿಂದ ಹೊರಟು ಕೊನೆಯ ಲ್ಯಾಪ್‌ನಲ್ಲಿ ಮುಂದಿದ್ದವರನ್ನು ದಾಟಿ ಗೆದ್ದರು. ಅದ್ಭುತ ರೇಸ್ ಸಿಕ್ಕಿತು, ನಿಜ. ಆದರೆ ಗ್ರಿಡ್ ವೇಗದ ಲೆಕ್ಕದಲ್ಲಿ ಇರಬೇಕು ಅನ್ನುವವರು ಆ ಶನಿವಾರ ಟಿವಿ ಆಫ್ ಮಾಡಿರಬೇಕು.

ಹಾಗಾಗಿ ನನ್ನ ವಾದ ಇಷ್ಟೇ. ಸಹಾಯ ಮಾಡಲಿ, ಆದರೆ ಅದರ ಬೆಲೆ ಯಾರ ಜೇಬಿನಿಂದ ಹೋಗುತ್ತದೆ ಅಂತ ನೋಡಬೇಕು. ಗ್ರಿಡ್ ಶಿಕ್ಷೆ ಇರುವವರು ಟೋ ಕೊಡಲಿ, ಏನೂ ನಷ್ಟವಿಲ್ಲ. ಸರದಿ ಹಂಚಿಕೊಳ್ಳಲಿ, ಆದರೆ ಯಾವ ವಾರ ಯಾರ ಸರದಿ ಅನ್ನೋದನ್ನು ಕ್ವಾಲಿಫೈಯಿಂಗ್ ಶುರುವಾಗುವ ಮೊದಲೇ ಸ್ಟೀವರ್ಡ್‌ಗಳಿಗೆ ಬರೆದುಕೊಡಲಿ. ಹಾಗೆ ಬರೆದುಕೊಟ್ಟ ಕಾಗದ ಇದ್ದಿದ್ದರೆ 2007ರಲ್ಲಿ ಮೊದಲ ತಪ್ಪು ಯಾರದು ಅಂತ ಎಲ್ಲರಿಗೂ ಆಗಲೇ ಗೊತ್ತಾಗುತ್ತಿತ್ತು. ಪಿಟ್‌ನಲ್ಲಿ ನಿಂತು ಸೇಡು ತೀರಿಸಿಕೊಳ್ಳುವ ಅಗತ್ಯವೂ ಬೀಳುತ್ತಿರಲಿಲ್ಲ. ಇನ್ನು ಓಡುವ ಅವಕಾಶ ಇರುವ ಚಾಲಕನಿಗೆ ನಿನ್ನ ಲ್ಯಾಪ್ ಬಿಡು ಅಂತಾಗಲಿ, ಗಳಿಸಿದ ಗ್ರಿಡ್ ಜಾಗ ಬಿಡು ಅಂತಾಗಲಿ ಹೇಳುವುದು ಕೂಡದು. ಬೇಕಂತಲೇ ಸೀಲ್ ಒಡೆದರೆ ತಂಡದ ಎರಡೂ ಕಾರಿಗೆ ಶಿಕ್ಷೆ ಬೀಳಲಿ. ಆಗ ಆ ಲೆಕ್ಕಾಚಾರವೇ ಸತ್ತುಹೋಗುತ್ತದೆ.

ಇದರಲ್ಲೂ ತಂಡಗಳು ತೂತು ಹುಡುಕುತ್ತವೆ, ಗೊತ್ತು. ನಿಧಾನವಾಗಿ ತೆವಳುವುದನ್ನು ತಡೆಯಲು ಒಂದು ಲ್ಯಾಪಿಗೆ ಗರಿಷ್ಠ ಸಮಯ ಇಷ್ಟೇ ಅಂತ ಈಗ ನಿಗದಿ ಮಾಡುತ್ತಾರೆ. ಅದು ಬಂದ ಮೇಲೆ ಟ್ರ್ಯಾಕ್‌ನಲ್ಲಿ ಕಾಯುವ ಬದಲು ಪಿಟ್‌ನಿಂದ ಹೊರಬರುವ ದಾರಿಯಲ್ಲೇ ಸಾಲುಗಟ್ಟಿ ಕಾಯಲು ಶುರು ಮಾಡಿದರು. ಚಾಲಕ ಬ್ರೇಕ್ ಸ್ವಲ್ಪ ತಡವಾಗಿ ಒತ್ತಿ ತಿರುವಿನಲ್ಲಿ ಅಗಲಕ್ಕೆ ಹೋಗಿ ಅಯ್ಯೋ ತಪ್ಪಾಯಿತು ಅಂದರೆ ಅದು ಆರ್ಡರಾ, ತಪ್ಪಾ ಅಂತ ಯಾವ ಕಂಪ್ಯೂಟರೂ ಹೇಳಲ್ಲ. ಆದರೆ ಸಿಕ್ಕಿಬಿದ್ದರೆ ಎಷ್ಟು ಕಳೆದುಕೊಳ್ಳಬೇಕಾಗುತ್ತದೆ ಎಂಬ ಲೆಕ್ಕ ತಂಡದ ಮುಂದಿದ್ದರೆ, ಮಾಡುವ ಮುಂಚೆ ಎರಡು ಸಲ ಯೋಚಿಸುತ್ತದೆ.

2007ರ ಆ ಭಾನುವಾರ ಹ್ಯಾಮಿಲ್ಟನ್ ಪೋಲ್‌ನಿಂದ ಹೊರಟು ಗೆದ್ದರು. ರೈಕೊನೆನ್ ಎರಡನೆಯವರು, ನಿಕ್ ಹೈಡ್‌ಫೆಲ್ಡ್ ಮೂರನೆಯವರು. ಆರನೇ ಜಾಗದಿಂದ ಹೊರಟ ಅಲೊನ್ಸೊ ನಾಲ್ಕನೆಯವರು. ಆಗ ಮೊದಲ ನಾಲ್ಕು ಸ್ಥಾನಕ್ಕೆ 10, 8, 6, 5 ಅಂಕ. ವರ್ಷದ ಕೊನೆಗೆ ರೈಕೊನೆನ್ 110, ಹ್ಯಾಮಿಲ್ಟನ್ 109, ಅಲೊನ್ಸೊ 109. ಹಂಗೇರಿಯಲ್ಲಿ ಅಲೊನ್ಸೊ ಎರಡು ಸ್ಥಾನ ಮೇಲೆ ಬಂದಿದ್ದರೆ, ಉಳಿದದ್ದೆಲ್ಲ ಹಾಗೇ ಇದ್ದಿದ್ದರೆ, ಅವರದು 112 ಆಗುತ್ತಿತ್ತು, ರೈಕೊನೆನ್‌ದು 108.